ತಾನು ಯಾರು, ಮನಸ್ಸು ಯಾರ ಮೇಲೆ: ಎರಡೂ ಬೇರೆ ಪ್ರಶ್ನೆ

(ಮಂಡ್ಯದಲ್ಲಿ ಹೈಸ್ಕೂಲು ಮತ್ತು ಪಿಯು ಕಾಲೇಜಿನ ಶಿಕ್ಷಕರು, ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಮಾತು ಶುರುವಾಗುವ ಮೊದಲೇ ನಿಮ್ಮಿಂದ ಚೀಟಿ ಇಸಿದುಕೊಂಡಿದ್ದೆವು. ಹೆಸರು ಬೇಡ, ಮನಸ್ಸಿನಲ್ಲಿರುವ ಪ್ರಶ್ನೆ ಮಾತ್ರ ಬರೆಯಿರಿ ಅಂದಿದ್ದೆವು. ಅದರಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬಂದಿದೆ. 'ಗೇ ಆಗಿರುವ ಹುಡುಗರು ಮುಂದೆ ಆಪರೇಷನ್ ಮಾಡಿಸಿಕೊಂಡು ಹೆಂಗಸಾಗುತ್ತಾರಾ?' ಇದನ್ನೇ ಮೊದಲು ತೆಗೆದುಕೊಳ್ಳೋಣ.

ಇಲ್ಲ, ಆಗುವುದಿಲ್ಲ. ಗೇ ಅಂದರೆ ಗಂಡಸು. ತಾನು ಗಂಡಸು ಅನ್ನುವುದರಲ್ಲಿ ಅವನಿಗೆ ಅನುಮಾನವಿಲ್ಲ. ಅವನ ಮನಸ್ಸು ಒಲಿಯುವುದು ಇನ್ನೊಬ್ಬ ಗಂಡಸಿನ ಕಡೆಗೆ, ಅಷ್ಟೇ. ಟ್ರಾನ್ಸ್ ಮಹಿಳೆಯ ವಿಷಯ ಬೇರೆ. ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ, ತಾನು ಹೆಣ್ಣು ಅಂತ ತನಗೇ ಗೊತ್ತಿರುವವಳು ಅವಳು. ಮೊದಲನೆಯದು ಮನಸ್ಸು ಯಾರ ಮೇಲೆ ಅನ್ನುವ ಪ್ರಶ್ನೆ. ಎರಡನೆಯದು ತಾನು ಯಾರು ಅನ್ನುವ ಪ್ರಶ್ನೆ. ಕೆಲವರು ಮೊದಲು ತಾನು ಗೇ ಇರಬೇಕು ಅಂದುಕೊಂಡು, ಎಷ್ಟೋ ವರ್ಷದ ಮೇಲೆ ತಾನು ಹೆಣ್ಣು ಅಂತ ಕಂಡುಕೊಳ್ಳುವುದುಂಟು. ಗೇ ಆಗಿದ್ದವರು ಹೆಣ್ಣಾಗಿಬಿಟ್ಟರು ಅಂತ ಅದರ ಅರ್ಥವಲ್ಲ. ತಮ್ಮ ಬಗ್ಗೆ ಹೇಳಿಕೊಳ್ಳಲು ಅವರ ಕೈಗೆ ಮೊದಲು ಸಿಕ್ಕಿದ್ದು ಆ ಮಾತು.

ಒಂದು ಅರ್ಜಿ ಫಾರಂ ನೆನೆಸಿಕೊಳ್ಳಿ. ಅದರಲ್ಲಿ ನಾಲ್ಕು ಕಾಲಂ ಇವೆ. ಮೊದಲನೆಯದು ದೇಹ. ಎರಡನೆಯದು ಗುರುತು, ಅಂದರೆ ನಾನು ಹೆಣ್ಣು, ಗಂಡು, ಅಥವಾ ಇವೆರಡರಲ್ಲಿ ಯಾವುದೂ ಅಲ್ಲ ಅಂತ ಒಬ್ಬರು ತಮ್ಮನ್ನು ತಾವು ತಿಳಿದಿರುವುದು. ಮೂರನೆಯದು ತೋರಿಕೆ: ಬಟ್ಟೆ, ನಡಿಗೆ, ದನಿ, ಕೈ ಆಡಿಸುವ ರೀತಿ. ನಾಲ್ಕನೆಯದು ಒಲವು, ಮನಸ್ಸು ಯಾರ ಕಡೆಗೆ ಹೋಗುತ್ತದೆ ಅನ್ನುವುದು. ಊರು ಮದ್ದೂರು ಅಂತ ಬರೆದವರ ಹುಟ್ಟಿದ ತಾರೀಖು ಯಾವುದು ಅಂತ ಊಹಿಸೋಕಾಗುತ್ತಾ? ಇಲ್ಲ ಅಲ್ವಾ? ಇಲ್ಲೂ ಹಾಗೇ. ಒಂದು ಕಾಲಂ ನೋಡಿ ಇನ್ನೊಂದನ್ನು ನಾವು ತುಂಬುವ ಹಾಗಿಲ್ಲ.

ಎಲ್‌ಜಿಬಿಟಿಕ್ಯೂಐಎ ಅನ್ನುವ ಅಕ್ಷರಗಳ ಸಾಲನ್ನು ನೀವು ಪೇಪರಿನಲ್ಲಿ ನೋಡಿರುತ್ತೀರಿ. ಇಷ್ಟೊಂದನ್ನು ಹೇಗೆ ನೆನಪಿಟ್ಟುಕೊಳ್ಳೋದು ಅಂತ ಒಂದು ಚೀಟಿಯಲ್ಲಿದೆ. ಕಾಲಂಗೆ ಹಾಕಿ ನೋಡಿ, ಸಲೀಸಾಗುತ್ತದೆ. ಲೆಸ್ಬಿಯನ್, ಗೇ, ಬೈಸೆಕ್ಷುವಲ್, ಕೊನೆಯ ಎ ಅಂದರೆ ಅಸೆಕ್ಷುವಲ್, ಈ ನಾಲ್ಕೂ ಒಲವಿನ ಕಾಲಂನವು. ಟಿ, ಅಂದರೆ ಟ್ರಾನ್ಸ್‌ಜೆಂಡರ್, ಗುರುತಿನ ಕಾಲಂನದು. ಐ, ಇಂಟರ್‌ಸೆಕ್ಸ್, ದೇಹದ ಕಾಲಂನದು. ಕ್ಯೂ ಅಂದರೆ ಕ್ವಿಯರ್, ಇವರೆಲ್ಲರನ್ನೂ ಒಟ್ಟಿಗೆ ಕರೆಯುವ ಮಾತು. ಕೆಲವರಿಗೆ ತಮ್ಮ ಬಗ್ಗೆ ಇಷ್ಟು ಹೇಳಿದರೆ ಸಾಕು. ಮೂರನೇ ಕಾಲಂ ಅನ್ನು, ಅಂದರೆ ತೋರಿಕೆಯನ್ನು, ಗಮನಿಸಿ. ಅದಕ್ಕೆ ಅಂತ ಒಂದು ಅಕ್ಷರವೂ ಇಲ್ಲ. ಆದರೆ ನಮ್ಮ ಕಣ್ಣಿಗೆ ಬೀಳುವುದು ಅದೊಂದೇ. ಅದನ್ನು ನೋಡಿಯೇ ನಾವು ಮಿಕ್ಕ ಮೂರನ್ನೂ ತೀರ್ಮಾನ ಮಾಡಿಬಿಡುತ್ತೇವೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಅನುಭವಿಸುವ ಕಷ್ಟ ಜಾಸ್ತಿ ಇರುವುದು ಇಲ್ಲೇ. ಅದಕ್ಕೇ ಈ ಕಾಲಂ ಬಗ್ಗೆ ಮೊದಲು ಮಾತಾಡುತ್ತೇನೆ.

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ನಿಮ್ಮಲ್ಲಿ ಎಷ್ಟೋ ಜನ ರಾತ್ರಿಯಿಡೀ ಕೂತು ನೋಡಿದ್ದೀರಿ. ಈಗ ದ್ರೌಪದಿ ಪಾತ್ರಕ್ಕೆ ಕಲಾವಿದೆಯರನ್ನು ಕರೆಸುತ್ತಾರೆ. ಹಿಂದೆ ಊರಿನ ಗಂಡಸರೇ ಸೀರೆ ಉಟ್ಟು, ಜಡೆ ಕಟ್ಟಿಕೊಂಡು ಬರುತ್ತಿದ್ದರು. ಬೆಳಗಾದ ಮೇಲೆ ಅವರು ಗದ್ದೆಗೆ ಹೋಗುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು ಹೆಂಗಸರೇ ಇದ್ದ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಮೀಸೆ ಅಂಟಿಸಿ, ಗದೆ ಹಿಡಿದು, ಕಂಸ, ಭೀಮನಂಥ ಪಾತ್ರಗಳನ್ನು ಮಾಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ರಂಗದ ಮೇಲೆ ಗರ್ಜಿಸಿದ್ದು ನೋಡಿ ಅವರ ಗುರುತೇನು, ಒಲವೇನು ಅಂತ ಯಾರೂ ಲೆಕ್ಕ ಹಾಕಲಿಲ್ಲ. ರಂಗದ ಮೇಲೆ ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವ ವಿಷಯ, ಕ್ಲಾಸ್‌ರೂಮಿಗೆ ಬಂದ ತಕ್ಷಣ ಮರೆತುಹೋಗುತ್ತದೆ.

ಒಂದು ಹೈಸ್ಕೂಲಿನಲ್ಲಿ ನಾನು ಕಂಡದ್ದು ಹೇಳುತ್ತೇನೆ. ಎಂಟನೇ ಕ್ಲಾಸು. ಮೇಷ್ಟ್ರು ಹಾಜರಿ ಕೂಗುತ್ತಿದ್ದರು, ಹೆಸರಿನಿಂದಲ್ಲ, ನಂಬರಿನಿಂದ. ಏಳು, ಎಂಟು ಆಯಿತು. ಒಂಬತ್ತು ಅಂದ ತಕ್ಷಣ ಹಿಂದಿನ ಬೆಂಚಿನಿಂದ ನಗು ಎದ್ದಿತು. ಆ ನಂಬರಿನ ಹುಡುಗ 'ಪ್ರೆಸೆಂಟ್ ಸಾರ್' ಅನ್ನಲಿಲ್ಲ, ಬಗ್ಗಿಕೊಂಡೇ ಕೈ ಎತ್ತಿದ. ಸ್ವಲ್ಪ ಮೆಲುದನಿಯ ಹುಡುಗ, ರಂಗೋಲಿ ಚೆನ್ನಾಗಿ ಬಿಡುತ್ತಾನೆ, ಅಷ್ಟೇ ಅವನ ತಪ್ಪು. ಮೇಷ್ಟ್ರು ಸುಮ್ನೆ ಹತ್ತು ಅಂತ ಮುಂದಕ್ಕೆ ಹೋದರು. ಅವರು ಕೆಟ್ಟವರಲ್ಲ. ಆ ನಗು ಅವರಿಗೆ ದಿನಾ ಕೇಳಿ ಅಭ್ಯಾಸವಾಗಿತ್ತು. ವರ್ಷವಿಡೀ, ದಿನಕ್ಕೆ ಎರಡು ಸಲ, ಆ ಹುಡುಗ ಅದನ್ನು ಕೇಳಬೇಕು. ಹೆಸರು ಕೂಗಿದ್ದರೆ ಅಷ್ಟಕ್ಕೇ ಅದು ನಿಲ್ಲುತ್ತಿತ್ತು.

ಒಂಬತ್ತು, ಚಕ್ಕ, ಕೋಜಾ, ಹೆಣ್ಣಿಗ, ಶಿಖಂಡಿ. ಹುಡುಗಿಯಾದರೆ ಗಂಡುಬೀರಿ. ಇವನ್ನೆಲ್ಲ ಇಲ್ಲಿ ನಿಂತು ಬಾಯಿಬಿಟ್ಟು ಹೇಳುತ್ತಿರುವುದಕ್ಕೆ ಕಾರಣವಿದೆ. ಇವು ಬೈಗುಳ ಅಂತ ಶಿಕ್ಷಕರು ಒಪ್ಪಿಕೊಳ್ಳಬೇಕು. ಜಾತಿ ಹೆಸರು ಹಿಡಿದು ಬೈದರೆ ನೀವು ಹೇಗೆ ತಡೆಯುತ್ತೀರೋ ಹಾಗೇ ಇದನ್ನೂ ತಡೆಯಬೇಕು. ಆ ಹುಡುಗ ಮುಂದೆ ಗೇ ಅಂತ ಹೇಳಿಕೊಳ್ಳಬಹುದು. ಟ್ರಾನ್ಸ್ ಅಂತ ಹೇಳಿಕೊಳ್ಳಬಹುದು. ಎರಡೂ ಅಲ್ಲದೆ ಹುಡುಗಿಯೊಬ್ಬಳನ್ನು ಮೆಚ್ಚಿ ಮದುವೆಯಾಗಬಹುದು. ರಂಗೋಲಿಯಿಂದ ಇದ್ಯಾವುದೂ ಗೊತ್ತಾಗುವುದಿಲ್ಲ.

ಇನ್ನು ದೇಹ. ಹೆರಿಗೆಯಾದ ಕೂಡಲೇ ಡಾಕ್ಟರೋ ನರ್ಸೋ ಮಗುವನ್ನು ನೋಡಿ ಗಂಡು ಅಥವಾ ಹೆಣ್ಣು ಅನ್ನುತ್ತಾರೆ. ಕೆಲವು ಮಕ್ಕಳ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ವರ್ಣತಂತು, ಹಾರ್ಮೋನು, ಒಳಗಿನ ಹೊರಗಿನ ಅಂಗಗಳು, ಇವು ನಾವು ಅಂದುಕೊಂಡಿರುವ ಎರಡೇ ಅಚ್ಚಿಗೆ ಸರಿಯಾಗಿ ಕೂರುವುದಿಲ್ಲ. ಇದನ್ನು ಇಂಟರ್‌ಸೆಕ್ಸ್ ಅಥವಾ ಅಂತರಲಿಂಗ ಅನ್ನುತ್ತಾರೆ. ಇದು ಒಂದೇ ಬಗೆಯದಲ್ಲ. ಕೆಲವರಿಗೆ ಹುಟ್ಟಿದಾಗಲೇ ತಿಳಿಯುತ್ತದೆ, ಕೆಲವರಿಗೆ ಮೈನೆರೆಯುವ ವಯಸ್ಸಿನಲ್ಲಿ. ಹೆಚ್ಚಿನ ಟ್ರಾನ್ಸ್ ಜನರು ಇಂಟರ್‌ಸೆಕ್ಸ್ ಅಲ್ಲ, ಇಂಟರ್‌ಸೆಕ್ಸ್ ಆಗಿರುವ ಎಷ್ಟೋ ಜನ ಟ್ರಾನ್ಸ್ ಅಲ್ಲ. ನಮ್ಮಲ್ಲಿ ಇಂಥ ಹಸುಗೂಸುಗಳಿಗೆ ಅವಸರದಲ್ಲಿ ಆಪರೇಷನ್ ಮಾಡಿ 'ಸರಿ' ಮಾಡಿಸುವುದು ನಡೆದುಕೊಂಡು ಬಂದಿದೆ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಇದು ತಪ್ಪು ಅಂತ ಹೇಳಿತು. ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಇಂಥ ಆಪರೇಷನ್ ಬೇಡ ಅಂತ ತಮಿಳುನಾಡು ಸರ್ಕಾರ ಅದೇ ವರ್ಷ ಆದೇಶ ಮಾಡಿತು. ಮಗು ಬೆಳೆದು ತಾನೇ ಹೇಳಲಿ ಅನ್ನುವುದು ಅದರ ಹಿಂದಿನ ಮಾತು.

ದ್ವಿಲಿಂಗಿ ಅನ್ನುವ ಪದದ ಬಗ್ಗೆಯೂ ಹುಷಾರಾಗಿರಿ. ಕೆಲವರು ಅದನ್ನು ಇಂಟರ್‌ಸೆಕ್ಸ್‌ಗೆ ಬಳಸುತ್ತಾರೆ, ಕೆಲವರು ಬೈಸೆಕ್ಷುವಲ್‌ಗೆ. ಒಂದು ದೇಹದ ಮಾತು, ಇನ್ನೊಂದು ಒಲವಿನದು. ನಾನಂತೂ ಇಂಗ್ಲಿಷಿನಿಂದ ಬಂದ ಮಾತನ್ನೇ ಕನ್ನಡದಲ್ಲಿ ಬರೆಯುತ್ತೇನೆ. ಗೊಂದಲಕ್ಕಿಂತ ಅದು ವಾಸಿ.

ಗುರುತಿನ ವಿಷಯಕ್ಕೆ ಬರೋಣ. ಪೇಪರಿನವರೂ ತಪ್ಪು ಮಾಡುವ ಜಾಗ ಇದು. ಟ್ರಾನ್ಸ್ ಮಹಿಳೆ ಅಂದಾಗ ಮಹಿಳೆ ಅನ್ನುವುದೇ ಅವರ ಗುರುತು. ಟ್ರಾನ್ಸ್ ಪುರುಷ ಅಂದರೆ, ಹೆಣ್ಣುಮಗು ಅಂತ ಬರೆಸಿದ್ದರೂ ಗಂಡಾಗಿ ಬದುಕುವವರು. ಅವರು ಈಗ ಯಾರು ಅನ್ನುವುದರ ಮೇಲೆ ಮಾತು ನಿಲ್ಲಬೇಕು, ಹುಟ್ಟಿದಾಗ ಏನು ಬರೆಸಿದ್ದರು ಅನ್ನುವುದರ ಮೇಲಲ್ಲ. ಎರಡರಲ್ಲೂ ತಮ್ಮನ್ನು ಕಾಣದವರು ನಾನ್‌ಬೈನರಿ ಅಂತ ಹೇಳಿಕೊಳ್ಳುತ್ತಾರೆ. ಹುಟ್ಟಿದಾಗ ಬರೆಸಿದ್ದೇ ತನಗೂ ಸರಿ ಅನಿಸುವವರಿಗೆ ಸಿಸ್ ಅನ್ನುತ್ತಾರೆ. ಇಲ್ಲಿ ಕೂತಿರುವ ಹೆಚ್ಚಿನವರು ಬಹುಶಃ ಅದೇ.

ಟ್ರಾನ್ಸ್ ಪುರುಷರ ಬಗ್ಗೆ ಸ್ವಲ್ಪ ನಿಲ್ಲಬೇಕು. ಟ್ರಾನ್ಸ್‌ಜೆಂಡರ್ ಅಂದ ಕೂಡಲೇ ಬಸ್ ಸ್ಟ್ಯಾಂಡಿನಲ್ಲೋ ಸಿಗ್ನಲ್ಲಿನಲ್ಲೋ ಕಂಡ ಸೀರೆ ಉಟ್ಟವರೇ ನಿಮಗೆ ನೆನಪಾಗುತ್ತಾರೆ. ಟ್ರಾನ್ಸ್ ಪುರುಷರು ಕಣ್ಣಿಗೆ ಬೀಳುವುದೇ ಇಲ್ಲ. ಯಾಕೆಂದರೆ ಮನೆಯವರ ಲೆಕ್ಕದಲ್ಲಿ ಅವರು ಹೆಣ್ಣುಮಕ್ಕಳು. ಹೆಣ್ಣುಮಗಳು ಮನೆ ಬಿಟ್ಟು ಹೋಗೋಕೆ ನಾವು ಬಿಡುತ್ತೇವಾ? ಕಾಲೇಜು ಬಿಡಿಸಿ, ಫೋನು ಕಿತ್ತುಕೊಂಡು, ಗಂಡು ಹುಡುಕುತ್ತೇವೆ. ಓಡಿಹೋದರೆ ನಾಪತ್ತೆ ಅಂತ ಕಂಪ್ಲೇಂಟ್ ಕೊಡುತ್ತೇವೆ. ಹಿಜ್ರಾ ಜಮಾತಿನ ಹಾಗೆ ಕೈಹಿಡಿಯುವ ಒಂದು ಮನೆ ಅವರಿಗಿಲ್ಲ.

ಹಿಜ್ರಾ ಅನ್ನುವುದು ಬರೀ ಗುರುತಿನ ಹೆಸರಲ್ಲ, ಅದೊಂದು ಬದುಕಿನ ಕಟ್ಟು. ಗುರು ಇರುತ್ತಾರೆ, ಚೇಲಾಗಳಿರುತ್ತಾರೆ. ಹೆತ್ತ ಮನೆ ಹೊರಹಾಕಿದಾಗ ಊಟ, ಜಾಗ, ರೀತಿ ರಿವಾಜು, ಎಲ್ಲ ಅಲ್ಲೇ. ಟ್ರಾನ್ಸ್ ಮಹಿಳೆಯರೆಲ್ಲ ಹಿಜ್ರಾ ಅಲ್ಲ. ಆಫೀಸಿನಲ್ಲಿ ಕೆಲಸ ಮಾಡುತ್ತಾ ಬಾಡಿಗೆ ಮನೆಯಲ್ಲಿರುವ ಟ್ರಾನ್ಸ್ ಮಹಿಳೆಗೆ ಆ ಕಟ್ಟಿನ ಜೊತೆ ಸಂಬಂಧವೇ ಇಲ್ಲದಿರಬಹುದು. ಉತ್ತರ ಕರ್ನಾಟಕದ ಕಡೆ ಜೋಗಪ್ಪ, ಜೋಗತಿಯರು ಇದ್ದಾರೆ. ಅವರು ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರು, ಅವರದು ದೇವರ ಜೊತೆಗಿನ ನಂಟು. ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದಿಂದ ನಾಡಿಗೆಲ್ಲ ಗೊತ್ತಾದವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಇನ್ನೊಂದು ಪದ ಕೋತಿ. ಮಂಗಕ್ಕೂ ಅದಕ್ಕೂ ಸಂಬಂಧವಿಲ್ಲ, ಇದು ಸಮುದಾಯದ ಒಳಗಿನ ಮಾತು. ಹುಟ್ಟಿನಲ್ಲಿ ಗಂಡು, ಸ್ವಭಾವದಲ್ಲಿ ಹೆಣ್ಣಿನ ಛಾಯೆ, ಮನಸ್ಸು ಗಂಡಸರ ಕಡೆ. ಮೈಸೂರು, ಬೆಂಗಳೂರಿನಲ್ಲಿ ಸೀರೆ ಉಡುವವರು, ಪ್ಯಾಂಟ್ ಶರ್ಟಿನಲ್ಲೇ ಇರುವವರು ಅಂತ ಅದರಲ್ಲೇ ಬೇರೆ ಬೇರೆ ಬಗೆ ಇದೆ. ಎಷ್ಟೋ ಜನಕ್ಕೆ ಹೆಂಡತಿ ಮಕ್ಕಳಿದ್ದಾರೆ. ಇವರನ್ನು ಗೇ ಅನ್ನಬೇಕಾ, ಟ್ರಾನ್ಸ್ ಅನ್ನಬೇಕಾ? ಅವರನ್ನೇ ಕೇಳಿದರೆ ಎರಡೂ ಅಲ್ಲ, ಕೋತಿ ಅನ್ನುತ್ತಾರೆ. ನಾನು ಹೇಳಿದ ನಾಲ್ಕು ಕಾಲಂ ಇಲ್ಲಿ ಒಂದಕ್ಕೊಂದು ಬೆರೆತುಹೋಗುತ್ತವೆ. ನನ್ನ ಫಾರಂ ಸರಿಯಾಗಲಿ ಅಂತ ಅವರ ಬದುಕನ್ನು ಕತ್ತರಿಸೋಕಾಗಲ್ಲ. ಅವರು ಹೇಳಿದ ಹೆಸರೇ ಹೆಸರು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರು ಕಟ್ಟಿಕೊಂಡ ಆಶೋದಯ ಸಮಿತಿಯಂಥ ಸಂಘಟನೆಯಲ್ಲಿ ಹೆಂಗಸರು, ಗಂಡಸರು, ಟ್ರಾನ್ಸ್ ಜನ ಒಟ್ಟಿಗೆ ಸೇರಿ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಈ ಮಾತುಗಳೆಲ್ಲ ಅಂಥ ಬದುಕಿನಲ್ಲಿ ಬಳಕೆಯಾಗುತ್ತಾ ಬಂದವು.

ಮಂಗಳಮುಖಿ ಅನ್ನುವುದು ಗೌರವದ ಮಾತು ಅಂತ ನಾವು ಬಳಸುತ್ತೇವೆ. ಹಲವರಿಗೆ ಅದು ಇಷ್ಟ. ಕೆಲವರಿಗೆ ಇಷ್ಟವಿಲ್ಲ, ಶುಭ ಕಾರ್ಯದಲ್ಲಿ ಹರಸೋಕೆ ಮಾತ್ರ ಬೇಕಾ ನಾವು ಅಂತ ಕೇಳುತ್ತಾರೆ. ನ್ಯಾಯವಾದ ಮಾತು. ಸರ್ಕಾರದ ಕಡತದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಅಂತಿದೆ. ಎದುರಿಗೆ ಒಬ್ಬರು ಕೂತಿದ್ದಾಗ ಇಷ್ಟೆಲ್ಲ ಯೋಚನೆ ಬೇಕಾಗಿಲ್ಲ. ಅವರ ಹೆಸರು ಹಿಡಿದು ಕರೆಯಿರಿ. ಅಮ್ಮ, ಅಕ್ಕ, ಅಣ್ಣ, ಯಾವುದು ಸರಿ ಅಂತ ಗೊತ್ತಾಗದಿದ್ದರೆ ಮರ್ಯಾದೆಯಿಂದ ಕೇಳಿ. ಆಪರೇಷನ್ ಆಗಿದೆಯಾ ಅಂತ ಮಾತ್ರ ಕೇಳಬೇಡಿ. ಪರಿಚಯವಾದ ಗಳಿಗೆಯಲ್ಲಿ ಬೇರೆ ಯಾರನ್ನಾದರೂ ಬಟ್ಟೆಯೊಳಗಿನ ಮೈ ಬಗ್ಗೆ ಕೇಳುತ್ತೀರಾ?

ಕಾನೂನೂ ಇದನ್ನೇ ಹೇಳಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಹೂಡಿದ್ದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗಂಡು, ಹೆಣ್ಣು, ತೃತೀಯ ಲಿಂಗ, ಯಾವುದು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಯದು, ಆಪರೇಷನ್ ಆಗಿರಲೇಬೇಕು ಅಂತ ಹಟ ಹಿಡಿಯುವುದು ಕಾನೂನುಬಾಹಿರ ಅಂದಿತು. ಅದಕ್ಕೆ ಮೂರು ವರ್ಷ ಮುಂಚೆ ನಮ್ಮ ರಾಜ್ಯದಲ್ಲೇ ಏನಾಗಿತ್ತು ಗೊತ್ತಾ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಕಲಂ ಸೇರಿಸಿದರು. ನಪುಂಸಕರು ಅನ್ನುವ ಅರ್ಥದ ಪದ ಹಾಕಿ, ಹುಡುಗರನ್ನು ಅಪಹರಿಸುವ ಅನುಮಾನ ಇರುವವರ ಹೆಸರು ವಿಳಾಸ ಪಟ್ಟಿಮಾಡಿ ಇಡಬಹುದು ಅಂತ ಬರೆದರು. ಹೆಚ್ಚು ಕಡಿಮೆ ಇದೇ ಮಾತು 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿತ್ತು. ಸಮುದಾಯದವರು ಪಟ್ಟು ಹಿಡಿದು ಹೋರಾಡಿದ ಮೇಲೆ ಆ ಪದ ಹೋಯಿತು. ಇದೇ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಪ್ರತಿಯೊಂದರ ಒಳಗೂ ಆ ಶೇಕಡಾ 1 ಇದೆ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇದು ಗೊತ್ತಿಲ್ಲದಿದ್ದರೆ ತಿಳಿಸಿ. ಇದು ಗುರುತಿನ ಕಾಲಂಗೆ ಸೇರಿದ್ದು. ಗೇ ಅಥವಾ ಲೆಸ್ಬಿಯನ್ ಆಗಿರುವವರಿಗೆ ಇದು ಅನ್ವಯಿಸುವುದಿಲ್ಲ. ಕಾಲಂ ಬೆರೆಸಿದರೆ ಅರ್ಜಿ ಹಾಕುವ ಮಕ್ಕಳಿಗೇ ತೊಂದರೆ.

ಒಲವು ಕೊನೆಗೆ ಬಂತು. ಹೆಣ್ಣಿಗೆ ಹೆಣ್ಣಿನ ಮೇಲೆ ಮನಸ್ಸಾದರೆ ಲೆಸ್ಬಿಯನ್. ಇಬ್ಬರ ಕಡೆಗೂ ಹೋಗುವ ಮನಸ್ಸಾದರೆ ಬೈಸೆಕ್ಷುವಲ್. ಆ ಬಗೆಯ ಆಸೆ ಇಲ್ಲವೇ ಇಲ್ಲ, ಅಥವಾ ತೀರಾ ಕಡಿಮೆ ಅಂದರೆ ಅಸೆಕ್ಷುವಲ್. ಟ್ರಾನ್ಸ್ ಮಹಿಳೆ ಗಂಡಸನ್ನು ಪ್ರೀತಿಸಿದರೆ? ಅವರು ಹೆಣ್ಣು, ಅವನು ಗಂಡು. ಅದು ಸಲಿಂಗ ಪ್ರೇಮವಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆದರೆ ಇಂಥ ಜೋಡಿ ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಅಂತ ಅದೇ ತೀರ್ಪಿನಲ್ಲಿ ಹೇಳಿತು.

ಲೈಂಗಿಕ ಅನ್ನುವ ಪದ ಕೇಳಿದ ತಕ್ಷಣ ನಮ್ಮ ಯೋಚನೆ ಮಲಗುವ ಕೋಣೆಗೆ ಹೋಗುತ್ತದೆ. ಒಲವು ಅಂದರೆ ಅಷ್ಟೇ ಅಲ್ಲ. ಯಾರ ಫೋನಿಗೆ ಕಾಯುತ್ತೀರಿ, ಜ್ವರ ಬಂದಾಗ ಯಾರು ಪಕ್ಕದಲ್ಲಿರಬೇಕು ಅನಿಸುತ್ತದೆ, ಅದೂ ಇದರಲ್ಲೇ ಇದೆ. ಅದಕ್ಕೇ ಸಲಿಂಗಕಾಮಿ ಅನ್ನುವುದಕ್ಕಿಂತ ಸಲಿಂಗ ಪ್ರೇಮಿ ಅನ್ನುವುದು ನನಗೆ ಹಿತ.

ಮದುವೆ ಮಾಡಿದರೆ ಸರಿಹೋಗುತ್ತಾನಾ ಅಂತ ಒಂದು ಚೀಟಿ ಇದೆ. ಈ ಪ್ರಶ್ನೆ ನಾನು ಮೈಸೂರಿನಲ್ಲಿ ಕೌನ್ಸೆಲಿಂಗಿಗೆ ಕೂತಾಗ ಎಷ್ಟೋ ತಂದೆ ತಾಯಿ ಕೇಳಿದ್ದಾರೆ. ಕೆ.ಆರ್. ಪೇಟೆ ಕಡೆಯ ಒಬ್ಬ ತಾಯಿ ಬಂದಿದ್ದರು. ಬ್ಯಾಗಿನಿಂದ ನಾಲ್ಕು ಮಡಿಕೆಯ ಜಾತಕ ತೆಗೆದು ಮೇಜಿನ ಮೇಲೆ ಇಟ್ಟರು. 'ಹೆಣ್ಣು ಗೊತ್ತಾಗಿದೆ ಮೇಡಂ, ನಾಟಿ ಮುಗಿದ ಮೇಲೆ ಲಗ್ನ. ಅಷ್ಟರಲ್ಲಿ ಇವನನ್ನ ಸರಿ ಮಾಡಿಕೊಡಿ' ಅಂದರು. ಮಗ ಪಕ್ಕದಲ್ಲೇ ಕೂತಿದ್ದ. ನಾನು ಆ ತಾಯಿಯನ್ನು ಕೇಳಿದೆ, 'ಅಮ್ಮ, ಆ ಹುಡುಗಿ ನಿಮ್ಮ ಮಗಳಾಗಿದ್ದರೆ ಈ ಹುಡುಗನಿಗೆ ಕೊಡುತ್ತಿದ್ದಿರಾ?' ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಜಾತಕ ವಾಪಸ್ ಬ್ಯಾಗಿಗೆ ಇಟ್ಟುಕೊಂಡರು. ಆ ಲಗ್ನ ನಡೆಯಲಿಲ್ಲ. ಅವರ ಸಂಕಟ ಅಲ್ಲಿಗೆ ಮುಗಿಯಲೂ ಇಲ್ಲ. ಆದರೆ ಏನೂ ಅರಿಯದ ಒಂದು ಹೆಣ್ಣುಮಗು ಉಳಿಯಿತು.

ಸರಿ ಮಾಡೋಕೆ ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ಗುರುತನ್ನೂ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿತು. ಒಲವನ್ನು ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮಾತ್ರೆ, ಕರೆಂಟು, ತಾಯತ, ಬೇವಿನ ಸೊಪ್ಪಿನ ಹೊಡೆತ, ಯಾವುದರಿಂದಲೂ ಒಲವು ಬದಲಾಗುವುದಿಲ್ಲ. ಮಗು ಹೆದರಿ ಬಾಯಿ ಮುಚ್ಚಿಕೊಳ್ಳುತ್ತದೆ, ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ. ಇನ್ನು ಅಪರಾಧದ ಮಾತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ವಯಸ್ಕರ ನಡುವೆ ಒಪ್ಪಿಗೆಯಿಂದ ನಡೆಯುವ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಒಮ್ಮತದಿಂದ ತೀರ್ಪು ಕೊಟ್ಟರು.

ಶಿಕ್ಷಕರಿಗೆ ಒಂದು ಮಾತು. ಒಬ್ಬ ವಿದ್ಯಾರ್ಥಿ ನಿಮ್ಮ ಹತ್ತಿರ ಬಂದು ನಾನು ಹೀಗೆ ಅಂತ ಹೇಳಿದರೆ, ಅವನು ನಿಮ್ಮನ್ನು ಎಷ್ಟು ನಂಬಿದ್ದಾನೆ ಅಂತ ಯೋಚಿಸಿ. ಅವನು ಬಳಸಿದ ಪದವನ್ನೇ ನೀವೂ ಬಳಸಿ. ಪದ ಗೊತ್ತಿಲ್ಲ, ಏನೋ ಒಂದು ಥರ ಆಗುತ್ತೆ ಸಾರ್ ಅಂದರೆ ನೀವಾಗಿ ಒಂದು ಹೆಸರು ಅಂಟಿಸಬೇಡಿ. ಹದಿನೈದು ವರ್ಷಕ್ಕೇ ಎಲ್ಲಾ ತೀರ್ಮಾನ ಆಗಬೇಕಾಗಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಬೇಡಿ. ಮನೆಗೆ ಫೋನ್ ಮಾಡುವ ಮೊದಲು, ಮನೆಯಲ್ಲಿ ಗೊತ್ತಾದರೆ ಏನಾಗಬಹುದು ಅಂತ ಆ ಮಗುವನ್ನೇ ಕೇಳಿ. ಹೊಡೆಯುತ್ತಾರೆ, ಓದು ಬಿಡಿಸುತ್ತಾರೆ ಅಂದರೆ ಆ ಮಾತನ್ನು ನಂಬಿ. ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಮಾತು ಬಂದರೆ ಮಾತ್ರ ತಡಮಾಡದೆ ದೊಡ್ಡವರ ಸಹಾಯ ತೆಗೆದುಕೊಳ್ಳಿ, ತೆಗೆದುಕೊಳ್ಳುತ್ತಿದ್ದೇನೆ ಅಂತ ಅವನಿಗೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಮಾಡಬೇಕು ಅಂತಿಲ್ಲ, ಹೆತ್ತವರೂ ಮಾಡಬಹುದು.